ಸೊಸೈಟಿ ಕಮಿಟಿ ಉತ್ತರಾನೇ ಕೊಡ್ತಿಲ್ವಾ? ಯಾವ ದೂರು, ಯಾರ ಹತ್ತಿರ, ಯಾವ ಕ್ರಮದಲ್ಲಿ

(ಪುಣೆಯಲ್ಲಿ ನೆಲೆಸಿರುವ ಐಟಿ ಕನ್ನಡಿಗರೊಬ್ಬರು ನಮ್ಮ ಚಾನೆಲ್‌ನಲ್ಲಿ ಆಡಿದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಉಪಶೀರ್ಷಿಕೆ ಹಾಕಿದ್ದೇವೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)



ಇವತ್ತಿನ ವಿಷಯ ಕೇಳಿ ಕೆಲವರು ನಗಬಹುದು. ಹೌಸಿಂಗ್ ಸೊಸೈಟಿ ಜಗಳದ ಬಗ್ಗೆ ಒಂದು ಪೂರ್ತಿ ಟಾಕಾ ಅಂತ. ಆದ್ರೆ ಯೋಚನೆ ಮಾಡಿ. ಊರು ಬಿಟ್ಟು ಬಂದು, ಇಪ್ಪತ್ತು ವರ್ಷದ ಸಾಲ ಮಾಡಿ, ಜೀವನದ ಅತಿ ದೊಡ್ಡ ಮೊತ್ತ ಹಾಕಿ ಮನೆ ತಗೊಂಡಿರ್ತೀವಿ. ಆ ಮನೆಯ ಗೋಡೆಯ ಒಳಗಿನದು ಮಾತ್ರ ನಮ್ಮ ಕೈಯಲ್ಲಿ. ಹೊರಗಿನದು, ಅಂದ್ರೆ ಟೆರೇಸು, ನೀರಿನ ಟ್ಯಾಂಕು, ಲಿಫ್ಟು, ಪಾರ್ಕಿಂಗು, ಒಳಚರಂಡಿ, ಇವೆಲ್ಲ ಕಮಿಟಿ ಕೈಯಲ್ಲಿ. ಆ ಕಮಿಟಿ ಒಂದು ಕಾಗದಕ್ಕೆ ಉತ್ತರ ಕೊಡಲ್ಲ ಅಂದ್ರೆ, ಮನೆ ನಮ್ಮದಾಗಿದ್ದೂ ನಮ್ಮ ಮಾತು ಅಲ್ಲಿ ನಡೆಯಲ್ಲ.

ನಾನು ಮಾತಾಡೋದು ಮುಖ್ಯವಾಗಿ ಮಹಾರಾಷ್ಟ್ರದ ಬಗ್ಗೆ. ಮುಂಬೈ, ಠಾಣೆ, ನವಿ ಮುಂಬೈ, ಪುಣೆ, ಪಿಂಪ್ರಿ-ಚಿಂಚವಾಡದಲ್ಲಿ ಇರೋರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತೆ. ಚೆನ್ನೈ, ಹೈದರಾಬಾದ್, ದೆಹಲಿ ಕಡೆಯವರಿಗೆ ಕಾನೂನು ಬೇರೆ, ಅದನ್ನ ಕೊನೆಗೆ ಚಿಕ್ಕದಾಗಿ ಹೇಳ್ತೀನಿ. ನಾನು ವಕೀಲ ಅಲ್ಲ. ಹಗಲು ಹೊತ್ತು ಕೋಡ್ ಬರೆಯೋ ಮನುಷ್ಯ. ಸದಸ್ಯನಾಗಿ ಕಮಿಟಿಗೆ ಕಾಗದ ಬರೆದಿದ್ದೀನಿ, ಆಮೇಲೆ ಕಮಿಟಿಯಲ್ಲೇ ಕೂತು ಬೇರೆಯವರ ಕಾಗದ ಓದಿದ್ದೀನಿ. ಎರಡೂ ಕಡೆ ಕೂತು ಕಂಡದ್ದನ್ನ ಹೇಳ್ತೀನಿ.

ಈ ಪದ್ಧತಿ ಎಲ್ಲಿಂದ ಬಂತು

ಸಹಕಾರಿ ಸೊಸೈಟಿ ಅನ್ನೋದು ನಮಗೆ ಪರಕೀಯ ಅಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಆಗ ಗದಗ ಇದ್ದದ್ದು ಮುಂಬೈ ಪ್ರಾಂತ್ಯದಲ್ಲೇ. ಅದಾಗಿ ಹತ್ತು ವರ್ಷಕ್ಕೆ, 1915ರಲ್ಲಿ, ಮುಂಬೈನ ಗಾಮದೇವಿಯಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ಶುರುವಾಯ್ತು. ಅದರ ಹಿಂದೆ ಇದ್ದವರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ. ಉತ್ತರ ಕನ್ನಡದ ಕಡೆಯಿಂದ ಮುಂಬೈಗೆ ಬಂದು ಬಾಡಿಗೆ ಮನೆಗಳಲ್ಲಿ ಇಕ್ಕಟ್ಟಿನಲ್ಲಿದ್ದ ಚಿತ್ರಾಪುರ ಸಾರಸ್ವತರ ಸಂಸ್ಥೆ ಅದು. ಅಂದ್ರೆ ಕೆಲಸ ಹುಡುಕಿ ಬಂದ ನಮ್ಮಂಥವರೇ ಸೇರಿ ಮಾಡಿಕೊಂಡ ವ್ಯವಸ್ಥೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ನಮ್ಮಲ್ಲಿ ಎಷ್ಟೋ ಜನ ಕಮಿಟಿ ಅಂದ್ರೆ ಬಿಲ್ಡರ್ ಥರ, ಮುನಿಸಿಪಾಲಿಟಿ ಥರ, ಮೇಲಿನ ಅಧಿಕಾರ ಅಂದ್ಕೊಂಡಿದ್ದಾರೆ. ಅಲ್ಲ. ಕಾನೂನಿನಲ್ಲಿ ಸೊಸೈಟಿಯ ಅಂತಿಮ ಅಧಿಕಾರ ಇರೋದು ಸರ್ವಸದಸ್ಯರ ಸಭೆಗೆ, ಅಂದ್ರೆ ಜನರಲ್ ಬಾಡಿಗೆ. ಕಮಿಟಿ ಅದರ ಕೆಲಸ ಮಾಡೋಕೆ ಆರಿಸಿದ ಕೆಲವೇ ಜನ. ಇದೊಂದು ತಲೆಗೆ ಹೋದ್ರೆ ಮುಂದಿನದೆಲ್ಲ ಸುಲಭ.

ಕಮಿಟಿ ಯಾಕೆ ಸುಮ್ಮನಿರುತ್ತೆ

ಉತ್ತರ ಕೊಡದ ಕಮಿಟಿಯೆಲ್ಲ ಕಳ್ಳರ ಕಮಿಟಿ ಅಲ್ಲ. ನಾನು ಕಂಡ ಹಾಗೆ ಮೂರು ಬಗೆ.

ಮೊದಲನೇದು, ಆಸಕ್ತಿ ಇಲ್ಲದವರು. ಸಂಬಳ ಇಲ್ಲ, ಅವರಿಗೂ ಆಫೀಸು, ರಾತ್ರಿ ಹನ್ನೊಂದಕ್ಕೆ ಫೋನು. ಯಾರೂ ಮುಂದೆ ಬರಲಿಲ್ಲ ಅಂತ ಇವರನ್ನ ಕೂರಿಸಿದ್ದು. ಎರಡನೇದು, ಭಯ ಇರೋರು. ನಾಲ್ಕು ಲಕ್ಷದ ಕೆಲಸಕ್ಕೆ ಸಹಿ ಹಾಕಿದ್ರೆ ನಾಳೆ ಯಾರಾದ್ರೂ ಕಮಿಷನ್ ತಿಂದ ಅಂತಾರೆ, ಅದಕ್ಕೆ ಏನೂ ಮಾಡದೇ ಇರೋದೇ ಕ್ಷೇಮ ಅಂತ. ಮೂರನೇದು, ನಿಜವಾಗಿ ಮುಚ್ಚಿಡೋಕೆ ಏನೋ ಇರೋರು. ಆಡಿಟ್ ಆಗಿಲ್ಲ, ಚುನಾವಣೆ ಅವಧಿ ಮುಗಿದಿದೆ, ಹಣದ ಲೆಕ್ಕ ಸರಿ ಇಲ್ಲ.

ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತೆ. ಮೌನ. ಹಾಗಾಗಿ ಶುರುವಿನಲ್ಲೇ ಮೂರನೇ ಬಗೆ ಅಂತ ತೀರ್ಮಾನ ಮಾಡಿ ವಾಟ್ಸಾಪ್ ಗ್ರೂಪಲ್ಲಿ ಕೂಗಾಡಿದ್ರೆ, ಮೊದಲ ಎರಡು ಬಗೆಯವರು ಕೂಡ ನಿಮ್ಮ ವಿರುದ್ಧ ಗಟ್ಟಿಯಾಗಿ ನಿಲ್ತಾರೆ. ಕಾಗದದ ದಾರಿಯಲ್ಲಿ ಒಂದು ಅನುಕೂಲ ಇದೆ. ಆಸಕ್ತಿ ಇಲ್ಲದವರನ್ನ ಅದು ಎಬ್ಬಿಸುತ್ತೆ, ಹೆದರಿದವರಿಗೆ ರಕ್ಷಣೆ ಕೊಡುತ್ತೆ, ಮುಚ್ಚಿಡೋರ ವಿರುದ್ಧ ದಾಖಲೆ ಆಗುತ್ತೆ. ಮೂವರಿಗೂ ಒಂದೇ ಔಷಧ.

ಮೊದಲು ಇವು ಮೂರನ್ನ ನೋಡಿಕೊಳ್ಳಿ

ಒಂದು, ನಿಮ್ಮದು ಯಾವ ಬಗೆಯ ಸಂಸ್ಥೆ? ಮಹಾರಾಷ್ಟ್ರದಲ್ಲಿ ಎರಡಿವೆ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಕೆಳಗಿನ ಹೌಸಿಂಗ್ ಸೊಸೈಟಿ ಒಂದು. 1970ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯ ಕೆಳಗಿನ ಕಂಡೊಮಿನಿಯಂ ಇನ್ನೊಂದು. ಪುಣೆಯಲ್ಲಿ ಎರಡನೇದೂ ಬಹಳ ಇದೆ. ನಿಮ್ಮ ಹತ್ತಿರ ಷೇರು ಸರ್ಟಿಫಿಕೇಟ್ ಇದ್ದರೆ ಸೊಸೈಟಿ. ಡೀಡ್ ಆಫ್ ಅಪಾರ್ಟ್‌ಮೆಂಟ್ ಇದ್ದರೆ ಕಂಡೊಮಿನಿಯಂ. ನಾನು ಈಗ ಹೇಳೋದು ಸೊಸೈಟಿಯದು. ಇನ್ನೂ ಬಿಲ್ಡರ್ ಕೈಯಲ್ಲೇ ಇದ್ದು ಸೊಸೈಟಿಯೇ ಆಗಿಲ್ಲ ಅಂದ್ರೆ ಅದು ಮಹಾರೇರಾ ವಿಷಯ, ಬೇರೆ ಕಥೆ.

ಎರಡು, ಸದಸ್ಯ ಯಾರು? ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಫ್ಲ್ಯಾಟ್ ಇದ್ದರೆ ಷೇರು ಸರ್ಟಿಫಿಕೇಟಿನಲ್ಲಿ ಮೊದಲ ಹೆಸರು ಯಾರದು ನೋಡಿ. ಮತದ ಹಕ್ಕು ಮೊದಲು ಅವರದು. ಕಾಗದ ಅವರ ಸಹಿಯಲ್ಲೇ ಹೋಗಲಿ. ಇಲ್ಲದಿದ್ರೆ "ನೀವು ಸದಸ್ಯರೇ ಅಲ್ಲ" ಅನ್ನೋ ಒಂದು ಸಾಲಿನಲ್ಲಿ ಮೂರು ತಿಂಗಳು ಹೋಗುತ್ತೆ.

ಮೂರು, ಮೇಂಟೆನೆನ್ಸ್ ಬಾಕಿ ಇಲ್ಲ ತಾನೆ? ಇದನ್ನ ಒತ್ತಿ ಹೇಳ್ತೀನಿ. "ಸೋರೋದು ನಿಲ್ಲೋ ತನಕ ನಾನು ದುಡ್ಡು ಕಟ್ಟಲ್ಲ" ಅನ್ನೋದು ನಮಗೆ ನ್ಯಾಯ ಅನ್ಸುತ್ತೆ, ಆದ್ರೆ ಕಾನೂನು ಹಾಗೆ ನೋಡಲ್ಲ. ಬಾಕಿ ಮೇಲೆ ಬೈಲಾದ ಪ್ರಕಾರ ವರ್ಷಕ್ಕೆ 21% ವರೆಗೆ ಸರಳ ಬಡ್ಡಿ ಹಾಕಬಹುದು. ರಿಜಿಸ್ಟ್ರಾರ್ ಕಡೆಯಿಂದ ವಸೂಲಿ ಸರ್ಟಿಫಿಕೇಟ್ ತಂದು ಭೂಕಂದಾಯದ ಬಾಕಿ ಥರ ವಸೂಲಿ ಮಾಡಬಹುದು. ಬಾಕಿದಾರ ಕಮಿಟಿ ಚುನಾವಣೆಗೆ ನಿಲ್ಲೋ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಸೋರಿಕೆಯ ಮಾತು ಹೋಗಿ ನಿಮ್ಮ ಬಾಕಿಯ ಮಾತು ಶುರುವಾಗುತ್ತೆ. ಬಿಲ್ಲು ತಪ್ಪಾಗಿದ್ರೆ "ಆಕ್ಷೇಪದೊಂದಿಗೆ ಪಾವತಿ" ಅಂತ ಬರೆದು ಕಟ್ಟಿ. ಕಟ್ಟಿದ ಮೇಲೆ ಜಗಳ ಆಡಿ.

ಮರಾಠಿ ಕಾಗದ, ಕನ್ನಡ ಕಣ್ಣು

ನಮಗೊಂದು ಅನುಕೂಲ ಇದೆ, ಅದನ್ನ ಬಳಸೋಣ. ಉಪನಿಬಂಧಕರ ಕಚೇರಿಯ ವ್ಯವಹಾರ ಮರಾಠಿಯಲ್ಲಿ. ಅರ್ಧ ಪದಗಳು ನಮಗೆ ಗೊತ್ತಿರೋವೇ. ಸಭಾಸದ ಅಂದ್ರೆ ಸದಸ್ಯ. ಠರಾವ್ ಅಂದ್ರೆ ನಿರ್ಣಯ, ಧಾರವಾಡದ ಕಡೆಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಥಕ್‌ಬಾಕಿದಾರ್ ಅಂದ್ರೆ ಬಾಕಿ ಉಳಿಸಿಕೊಂಡವ. ಆದ್ರೆ ಒಂದು ಪದ ಮೋಸ ಮಾಡುತ್ತೆ. ಇತಿವೃತ್ತ. ನಮ್ಮಲ್ಲಿ ಇತಿವೃತ್ತ ಅಂದ್ರೆ ಕಥಾವಸ್ತು. ಅಲ್ಲಿ ಇತಿವೃತ್ತ ಅಂದ್ರೆ ಸಭೆಯ ನಡಾವಳಿ, ಮಿನಿಟ್ಸ್. (ಕೆಲವು ಸೊಸೈಟಿಗಳ ನಡಾವಳಿ ಓದಿದ್ರೆ ಕನ್ನಡದ ಅರ್ಥವೇ ಸರಿ ಅನ್ಸುತ್ತೆ, ಅದು ಬೇರೆ ಮಾತು.)

ಇನ್ನೊಂದು ಪದವನ್ನ ಬಾಯಿಪಾಠ ಮಾಡಿ. ಪೋಚ್. ಪೋಚ್‌ಪಾವತಿ ಅಂತಲೂ ಅಂತಾರೆ. ಕಾಗದ ತಲುಪಿದ್ದಕ್ಕೆ ಸಹಿ, ಸೀಲು, ತಾರೀಖು. "ಪೋಚ್ ದ್ಯಾ" ಅಂತ ಕೇಳಿದ್ರೆ ಸಾಕು, ಸೊಸೈಟಿ ಆಫೀಸಿನ ಮ್ಯಾನೇಜರಿಗೂ ಗೊತ್ತಾಗುತ್ತೆ ಈ ಮನುಷ್ಯ ನಿಯಮ ತಿಳಿದವ ಅಂತ.

ಮೊದಲ ಹೆಜ್ಜೆ: ಟಿಕೆಟ್ ನಂಬರ್ ಇರೋ ದೂರು

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಕಾರಿಡಾರಲ್ಲಿ ನಿಂತು ಹೇಳಿದ್ದು ಟಿಕೆಟ್ ಅಲ್ಲ. ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿ, ಸೆಕ್ರೆಟರಿ ಹೆಬ್ಬೆರಳು ತೋರಿಸಿದ್ದೂ ಟಿಕೆಟ್ ಅಲ್ಲ. ಬರೆದು ಕೊಟ್ಟು ಪೋಚ್ ತಗೊಂಡದ್ದು ಮಾತ್ರ ಟಿಕೆಟ್. ಆಗ ಮಾತ್ರ ಎಸ್ಎಲ್ಎ ಗಡಿಯಾರ ಓಡೋಕೆ ಶುರು.

ಗಡಿಯಾರ ಅಂತ ಸುಮ್ಮನೆ ಹೇಳಿಲ್ಲ. ಮಹಾರಾಷ್ಟ್ರ ಸರ್ಕಾರದ 2014ರ ಮಾದರಿ ಬೈಲಾದಲ್ಲಿ, ಕೊನೆಯ ಭಾಗದಲ್ಲಿ, ಸದಸ್ಯರ ದೂರುಗಳ ನಿವಾರಣೆ ಅಂತಲೇ ಒಂದು ಅಧ್ಯಾಯ ಇದೆ. ಸದಸ್ಯ ಲಿಖಿತ ದೂರು ಕೊಟ್ಟರೆ ಕಮಿಟಿ ಮುಂದಿನ ಸಭೆಯಲ್ಲಿ ಅದರ ಬಗ್ಗೆ ತೀರ್ಮಾನ ಮಾಡಬೇಕು. ಆಮೇಲೆ 15 ದಿನದ ಒಳಗೆ ಸದಸ್ಯನಿಗೆ ತಿಳಿಸಬೇಕು. ತಿಳಿಸದಿದ್ರೆ, ಅಥವಾ ಉತ್ತರ ಒಪ್ಪಿಗೆ ಆಗದಿದ್ರೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಅಲ್ಲೇ ಬರೆದಿದೆ.

ಕಾಗದ ಒಂದು ಪುಟ ಮೀರಬೇಡಿ. ಅದರಲ್ಲಿ ಐದೇ ವಿಷಯ ಇರಲಿ. ಫ್ಲ್ಯಾಟ್ ನಂಬರ್ ಮತ್ತು ಸದಸ್ಯರ ಹೆಸರು. ಏನಾಗಿದೆ, ಯಾವಾಗಿಂದ. ಯಾವ ಬೈಲಾ ಪ್ರಕಾರ ಇದು ಸೊಸೈಟಿಯ ಜವಾಬ್ದಾರಿ. ನಿಮಗೆ ಏನು ಆಗಬೇಕು. ಯಾವ ತಾರೀಖಿನ ಒಳಗೆ ಲಿಖಿತ ಉತ್ತರ ಬೇಕು. ಒಂದು ಕಾಗದಕ್ಕೆ ಒಂದೇ ದೂರು. ಸೋರಿಕೆ, ಪಾರ್ಕಿಂಗ್, ವಾಚ್‌ಮನ್ ನಿದ್ದೆ ಮೂರನ್ನೂ ಒಟ್ಟಿಗೆ ಬರೆದ್ರೆ ಅವರು ವಾಚ್‌ಮನ್ ಬಗ್ಗೆ ಉತ್ತರ ಕೊಟ್ಟು ಮುಗಿಸ್ತಾರೆ. "ನಿಮಗೆ ನಾಚಿಕೆ ಆಗಬೇಕು" ಅನ್ನೋ ಥರದ ಸಾಲು ಬೇಡ. ಈ ಕಾಗದದ ನಿಜವಾದ ಓದುಗ ಸೆಕ್ರೆಟರಿ ಅಲ್ಲ, ಆರು ತಿಂಗಳ ಮೇಲೆ ಇದನ್ನ ಓದೋ ಒಬ್ಬ ಅಧಿಕಾರಿ.

ಕಾಗದ ತಗೊಳ್ಳೋಕೇ ಒಪ್ಪದಿದ್ರೆ ಸೊಸೈಟಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆ ಇಟ್ಕೊಳ್ಳಿ. ಇಮೇಲ್ ಕೂಡ ಕಳಿಸಿ. ನಿರಾಕರಿಸಿದ ಲಕೋಟೆ ವಾಪಸ್ ಬಂದ್ರೆ ಒಡೆಯಬೇಡಿ, ಹಾಗೇ ಫೈಲಲ್ಲಿ ಇಡಿ.

ಎರಡನೇ ಹೆಜ್ಜೆ: ದಾಖಲೆ ಕೇಳೋದು

ಉತ್ತರ ಬರಲಿಲ್ಲ ಅಂದ ಕೂಡಲೇ ಹೆಚ್ಚಿನವರು ಮೇಲಿನ ಕಚೇರಿಗೆ ಓಡ್ತಾರೆ. ಅದಕ್ಕೆ ಮೊದಲು ಒಂದು ಕೆಲಸ ಇದೆ. ಕಾಯ್ದೆಯೇ ಕೊಟ್ಟಿರೋ ಹಕ್ಕು. ಸದಸ್ಯನಿಗೆ ಸೊಸೈಟಿ ಆಫೀಸಿನಲ್ಲಿ ಉಚಿತವಾಗಿ ನೋಡೋ ಹಕ್ಕಿರೋ ದಾಖಲೆಗಳು ಅಲ್ಲಿ ಇವೆ: ಬೈಲಾ, ಕೊನೆಯ ಆಡಿಟ್ ಆದ ಬ್ಯಾಲೆನ್ಸ್ ಶೀಟ್, ಕಮಿಟಿ ಸದಸ್ಯರ ಪಟ್ಟಿ, ಸದಸ್ಯರ ರಿಜಿಸ್ಟರ್, ಜನರಲ್ ಬಾಡಿ ಮತ್ತು ಕಮಿಟಿ ಎರಡರ ನಡಾವಳಿ, ನಿಮ್ಮದೇ ಖಾತೆಯ ಲೆಕ್ಕ. ಪ್ರತಿ ಬೇಕಂದ್ರೆ ಶುಲ್ಕ ಕಟ್ಟಿ ಕೇಳಬೇಕು. ಕಟ್ಟಿದ ಮೇಲೆ ಕಾನೂನು ಹೇಳಿದ ಗಡುವಿನ ಒಳಗೆ ಕೊಡಬೇಕು.

ಇದು ಎಷ್ಟು ಕೆಲಸಕ್ಕೆ ಬರುತ್ತೆ ಅಂತ ನಮ್ಮ ಮನೆಯದೇ ಉದಾಹರಣೆ ಹೇಳ್ತೀನಿ. ಸೊಸೈಟಿ ಹೆಸರು ಬೇಡ. 72 ಫ್ಲ್ಯಾಟು, ನಮ್ಮದು ಕೊನೆಯ ಮಹಡಿ. ಜೂನ್ ಮಳೆ ಶುರುವಾದ ಎರಡನೇ ವಾರ ಒಳಕೋಣೆಯ ಚಾವಣಿ ಒದ್ದೆ. ಜುಲೈಗೆ ಪ್ಲಾಸ್ಟರ್ ಉದುರಿ ಅಮ್ಮನ ಮಂಚದ ಮೇಲೆ ಬಿತ್ತು. ಅಮ್ಮ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದರು, ಉಬ್ಬಸ ಇದೆ, ಆ ಕೋಣೆಯ ತುಂಬ ಬೂಷ್ಟು. ಅವರನ್ನ ಹಾಲ್‌ನಲ್ಲಿ ಮಲಗಿಸಿ, ಕೋಣೆಯಲ್ಲಿ ನಾಲ್ಕು ಬಕೆಟ್ ಇಟ್ಟು ಇಡೀ ಮಳೆಗಾಲ ಕಳೆದೆವು. ಅವರು ಒಂದು ದಿನವೂ ಗೊಣಗಲಿಲ್ಲ. ಆದ್ರೆ ಆಗಸ್ಟಿನಲ್ಲಿ "ನಾ ಊರಿಗೆ ಹೋಗ್ತೇನಪ್ಪಾ, ನಿಮಗ ತೊಂದರಿ" ಅಂದರು. ಸ್ವಂತ ಮನೆ ಮಾಡಿ ಅಮ್ಮನ್ನ ಕರ್ಕೊಂಡು ಬಂದವನಿಗೆ ಆ ಮಾತು ಕೇಳೋದು ಕಷ್ಟ.

ಮಾದರಿ ಬೈಲಾದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಇದೆ. ಟೆರೇಸಿನಿಂದ ಮಳೆನೀರು ಸೋರಿ ಮೇಲಿನ ಮಹಡಿಯ ಚಾವಣಿಗೆ, ಪ್ಲಾಸ್ಟರಿಗೆ ಆದ ಹಾನಿಯನ್ನ ಸೊಸೈಟಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. (ನಿಮ್ಮ ಬಾತ್‌ರೂಮಿನ ಪೈಪು ಒಡೆದು ಕೆಳಗಿನ ಮನೆಗೆ ಸೋರಿದ್ರೆ ಅದು ನಿಮ್ಮ ಖರ್ಚು. ಈ ವ್ಯತ್ಯಾಸ ನೆನಪಿರಲಿ.) ಕಾಗದ ಕೊಟ್ಟೆ, ಪೋಚ್ ತಗೊಂಡೆ. ಉತ್ತರ ಬರಲಿಲ್ಲ. ಎರಡನೇ ಕಾಗದಕ್ಕೂ ಇಲ್ಲ. ಬಾಯಿಮಾತಿನಲ್ಲಿ ಮಾತ್ರ "ಫಂಡ್ ಇಲ್ಲ ಸಾಹೇಬ್ರೇ" ಅಂದರು.

ಆಗ ಬ್ಯಾಲೆನ್ಸ್ ಶೀಟ್ ಮತ್ತು ಕಮಿಟಿ ನಡಾವಳಿ ಕೇಳಿ ಅರ್ಜಿ ಹಾಕಿದೆ. ಮಾದರಿ ಬೈಲಾ ಪ್ರಕಾರ ಪ್ರತಿ ವರ್ಷ ಕಟ್ಟಡದ ನಿರ್ಮಾಣ ವೆಚ್ಚದ 0.75% ರಿಪೇರಿ ಫಂಡಿಗೆ, ಕನಿಷ್ಠ 0.25% ಸಿಂಕಿಂಗ್ ಫಂಡಿಗೆ ನಮ್ಮಿಂದಲೇ ತಗೊಳ್ತಾರೆ. ಹಾಗಾದ್ರೆ ಆ ದುಡ್ಡು ಎಲ್ಲಿ? ಬ್ಯಾಲೆನ್ಸ್ ಶೀಟಲ್ಲಿ ಇತ್ತು. ಫಿಕ್ಸೆಡ್ ಡೆಪಾಸಿಟ್ಟಿನಲ್ಲಿ ಭದ್ರವಾಗಿ. ನಡಾವಳಿಯಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಎರಡು ವರ್ಷದ ಹಿಂದೆಯೇ ಟೆರೇಸ್ ವಾಟರ್‌ಪ್ರೂಫಿಂಗಿಗೆ ಮೂರು ಕೊಟೇಶನ್ ಬಂದಿದ್ದವು. "ಮುಂದಿನ ಸಭೆಗೆ" ಅಂತ ಬರೆದಿದ್ರು. ಆ ಮುಂದಿನ ಸಭೆಯ ನಡಾವಳಿಯಲ್ಲಿ ಅದರ ಮಾತೇ ಇಲ್ಲ.

ಕಳ್ಳತನ ಏನೂ ಇರಲಿಲ್ಲ. ಸಹಿ ಹಾಕೋ ಭಯ, ಅಷ್ಟೇ. ಆದ್ರೆ ಈಗ ನನ್ನ ಕೈಯಲ್ಲಿ ಸಿಟ್ಟಿನ ಬದಲು ಎರಡು ಹಾಳೆ ಇದ್ದವು.

ಮೂರನೇ ಹೆಜ್ಜೆ: ಐದನೇ ಒಂದು ಭಾಗ

ಒಬ್ಬನ ಕಾಗದವನ್ನ ಕಮಿಟಿ ಪಕ್ಕಕ್ಕಿಡಬಹುದು. ಐದನೇ ಒಂದು ಭಾಗ ಸದಸ್ಯರ ಕಾಗದವನ್ನ ಇಡೋಕೆ ಆಗಲ್ಲ. 76ನೇ ಕಲಮಿನ ಪ್ರಕಾರ ಅಷ್ಟು ಜನ ಸಹಿ ಮಾಡಿ, ವಿಷಯ ಬರೆದು ಕೇಳಿದ್ರೆ ಒಂದು ತಿಂಗಳ ಒಳಗೆ ವಿಶೇಷ ಸರ್ವಸಾಧಾರಣ ಸಭೆ ಕರೆಯಲೇಬೇಕು. ಕರೆಯದಿದ್ರೆ ರಿಜಿಸ್ಟ್ರಾರ್ ತಾವೇ ಕರೆಯಬಹುದು, ಅಥವಾ ಬೇರೆಯವರಿಗೆ ಅಧಿಕಾರ ಕೊಟ್ಟು ಕರೆಸಬಹುದು. ಆ ಸಭೆಯ ಖರ್ಚನ್ನ ಕರೆಯದೇ ಇದ್ದವರಿಂದಲೇ ವಸೂಲಿ ಮಾಡು ಅಂತ ಆದೇಶ ಮಾಡೋಕೂ ಅವಕಾಶ ಇದೆ. ಈ ಒಂದು ಸಾಲು ಓದಿ ತೋರಿಸಿದ್ರೆ ಎಷ್ಟೋ ಕಮಿಟಿಗಳಿಗೆ ಎಚ್ಚರ ಆಗುತ್ತೆ.

72ರಲ್ಲಿ ಐದನೇ ಒಂದು ಭಾಗ 14.4, ಅಂದ್ರೆ 15 ಸಹಿ. ನಾವು 19 ತಗೊಂಡ್ವಿ, ಯಾರಾದ್ರೂ ಹಿಂದೆ ಸರಿದ್ರೆ ಅಥವಾ ಬಾಕಿದಾರ ಅಂತ ಆಕ್ಷೇಪ ಬಂದ್ರೆ ಇರಲಿ ಅಂತ. ಸಹಿ ಹೇಗೆ ಸಿಗುತ್ತೆ ಅನ್ನೋದು ಮುಖ್ಯ. "ನನ್ನ ಮನೆ ಸೋರ್ತಿದೆ" ಅಂತ ಹೋದ್ರೆ ಮೂರನೇ ಮಹಡಿಯವರಿಗೆ ಏನು? ನಾವು ಹೋದದ್ದು "ಟೆರೇಸ್ ಸ್ಲ್ಯಾಬಿನ ಕಂಬಿಗೆ ತುಕ್ಕು ಹಿಡಿದ್ರೆ ಕಟ್ಟಡ ಎಲ್ಲರದ್ದು" ಅಂತ. ಅದು ನಿಜವೂ ಹೌದು. ಭಾನುವಾರ ಸಂಜೆ ಮನೆಮನೆಗೆ ಹೋದ್ವಿ. ಗುಜರಾತಿ, ಮರಾಠಿ, ಬಂಗಾಳಿ, ತೆಲುಗು, ಎಲ್ಲರ ಮನೆಯ ಚಹಾ ಕುಡಿದು ಬಂದ್ವಿ. ಹತ್ತು ವರ್ಷದಲ್ಲಿ ಆಗದ ಪರಿಚಯ ಎರಡು ಭಾನುವಾರದಲ್ಲಿ ಆಯ್ತು. ನಮ್ಮ ಕನ್ನಡದವರ ನಾಲ್ಕು ಮನೆ ಇತ್ತು, ಅವರಿಂದಲೇ ಶುರು ಮಾಡಬಹುದಿತ್ತು. ಬೇಕಂತಲೇ ಹಾಗೆ ಮಾಡಲಿಲ್ಲ. ಸೊಸೈಟಿ ವಿಷಯ ಭಾಷೆಯ ಗುಂಪಿನ ವಿಷಯ ಅಂತ ಆದ ದಿನ ಅದು ಬಗೆಹರಿಯಲ್ಲ.

ಸಭೆ ಕರೆಸಿದ ಮೇಲೆ ಎರಡು ಎಚ್ಚರಿಕೆ. ಕೋರಂ, ಅಂದ್ರೆ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಅಥವಾ 20 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು ಬೇಕು. ಸಾಮಾನ್ಯ ಸಭೆ ಕೋರಂ ಇಲ್ಲದಿದ್ರೆ ಮುಂದೂಡಿ ನಡೆಸಬಹುದು. ಸದಸ್ಯರೇ ಕೇಳಿ ಕರೆಸಿದ ವಿಶೇಷ ಸಭೆಗೆ ಅರ್ಧ ಗಂಟೆಯಲ್ಲಿ ಕೋರಂ ಆಗದಿದ್ರೆ ಸಭೆಯೇ ರದ್ದು. ಎರಡನೇದು, ಬದಲಿಗೆ ಯಾರನ್ನಾದ್ರೂ ಕಳಿಸೋ ಹಾಗಿಲ್ಲ, ಪ್ರಾಕ್ಸಿ ಇಲ್ಲ, ಮುಖ್ತಿಯಾರನಾಮೆ ಇದ್ದರೂ ನಡೆಯಲ್ಲ. ಹಾಗಾಗಿ ಸಹಿ ಹಾಕಿದವರಿಗೆಲ್ಲ ಆ ದಿನ ರಿಲೀಸ್ ಇಟ್ಕೋಬೇಡಿ ಅಂತ ಹೇಳಿ.

ನಮ್ಮ ಅಧ್ಯಕ್ಷರು ಆ 19 ಸಹಿಯ ಕಾಗದ ತಗೊಳ್ಳಲಿಲ್ಲ. ಪೋಸ್ಟ್ ಮಾಡಿದ್ವಿ. ಒಂದು ತಿಂಗಳು ಕಳೀತು. ಆಮೇಲೆ ಉಪನಿಬಂಧಕರ ಕಚೇರಿಗೆ ಅರ್ಜಿ ಹೋಯ್ತು.

ನಾಲ್ಕನೇ ಹೆಜ್ಜೆ: ಯಾವ ಬಾಗಿಲು ಯಾವುದಕ್ಕೆ

ಇಡೀ ಮಾತಿನಲ್ಲಿ ಇದೊಂದನ್ನ ನೆನಪಿಟ್ಟರೂ ಸಾಕು. ನಮ್ಮವರ ಅರ್ಜಿಗಳು ವಾಪಸ್ ಬರೋದು ಹೆಚ್ಚಾಗಿ ತಪ್ಪು ಬಾಗಿಲು ತಟ್ಟಿದ್ದಕ್ಕೆ. ಮಾದರಿ ಬೈಲಾ ಬಾಗಿಲುಗಳನ್ನ ಹೀಗೆ ಹಂಚಿದೆ.

ರಿಜಿಸ್ಟ್ರಾರ್, ಅಂದ್ರೆ ನಿಮ್ಮ ವಾರ್ಡಿನ ಅಥವಾ ತಾಲೂಕಿನ ನಿಬಂಧಕರ ಕಚೇರಿ: ದಾಖಲೆ ಕೊಡದಿರೋದು, ದಾಖಲೆ ತಿದ್ದೋದು, ಲೆಕ್ಕ-ಆಡಿಟ್ ಮಾಡದಿರೋದು, ಸಭೆ ಕರೆಯದಿರೋದು, ಚುನಾವಣೆ ಮಾಡದಿರೋದು, ಸದಸ್ಯತ್ವ ಅಥವಾ ನಾಮಿನೇಶನ್ ನಿರಾಕರಿಸೋದು, ವರ್ಗಾವಣೆಗೆ ಮಿತಿ ಮೀರಿ ಹಣ ಕೇಳೋದು (ಪ್ರೀಮಿಯಂ ಮಿತಿ ₹25,000), ಬಾಕಿದಾರ ಕಮಿಟಿಯಲ್ಲಿ ಕೂತಿರೋದು.

ಸಹಕಾರ ನ್ಯಾಯಾಲಯ, 91ನೇ ಕಲಮಿನ ಕೆಳಗೆ: ಜನರಲ್ ಬಾಡಿ ಅಥವಾ ಕಮಿಟಿಯ ನಿರ್ಣಯವನ್ನೇ ಪ್ರಶ್ನಿಸೋದು, ರಿಪೇರಿ ಮತ್ತು ಸೋರಿಕೆ, ಪಾರ್ಕಿಂಗ್ ಹಂಚಿಕೆ, ನೀರಿನ ಅಸಮಾನ ಹಂಚಿಕೆ, ಹೆಚ್ಚು ವಸೂಲಿ.

ಸಿವಿಲ್ ಕೋರ್ಟ್: ಬಿಲ್ಡರ್ ಜೊತೆಗಿನ ಒಪ್ಪಂದ, ಕಳಪೆ ಕಟ್ಟಡ, ಕನ್ವೇಯನ್ಸ್.

ಮಹಾನಗರ ಪಾಲಿಕೆ: ಅನಧಿಕೃತ ನಿರ್ಮಾಣ, ಮನೆಯನ್ನ ಬೇರೆ ಬಳಕೆಗೆ ಬಳಸೋದು, ಕಟ್ಟಡದ ಅಪಾಯ.

ಪೊಲೀಸ್: ಬೆದರಿಕೆ, ಹೊಡೆದಾಟ, ಉಪಟಳ.

ಈಗ ನೋಡಿ ಸೂಕ್ಷ್ಮ ಎಲ್ಲಿದೆ ಅಂತ. ಸೋರಿಕೆ ಸಹಕಾರ ನ್ಯಾಯಾಲಯದ ವಿಷಯ. "ನಮ್ಮ ಮನೆ ಸೋರ್ತಿದೆ, ರಿಪೇರಿ ಮಾಡಿಸಿ" ಅಂತ ಉಪನಿಬಂಧಕರಿಗೆ ಬರೆದ್ರೆ "ಇದು ನಮ್ಮ ವ್ಯಾಪ್ತಿ ಅಲ್ಲ" ಅಂತ ಬರುತ್ತೆ. ಆದ್ರೆ "ಐದನೇ ಒಂದು ಭಾಗಕ್ಕಿಂತ ಹೆಚ್ಚು ಸದಸ್ಯರು ಸಭೆ ಕೇಳಿದ್ರೂ ಕರೆದಿಲ್ಲ" ಅಂತ ಬರೆದ್ರೆ ಅದು ಪೂರ್ತಿ ಅವರ ವ್ಯಾಪ್ತಿ. ಸಭೆ ನಡೆದ್ರೆ ರಿಪೇರಿ ಅಲ್ಲಿ ತೀರ್ಮಾನ ಆಗುತ್ತೆ. ಸಮಸ್ಯೆಯನ್ನ ನೇರವಾಗಿ ಬಗೆಹರಿಸೋ ಕೋರ್ಟಿಗೆ ವರ್ಷಗಳು ಬೇಕು, ವಕೀಲರು ಬೇಕು. ಕಮಿಟಿ ತನ್ನ ಕರ್ತವ್ಯ ಮಾಡಿಲ್ಲ ಅನ್ನೋ ದೂರಿಗೆ ಒಂದು ಅರ್ಜಿ, ಜೊತೆಗೆ ದಾಖಲೆ ಸಾಕು. ಮೊದಲು ಆ ದಾರಿ ಹಿಡೀರಿ.

ನಮ್ಮಲ್ಲಿ ಆದದ್ದೂ ಅಷ್ಟೇ. ಉಪನಿಬಂಧಕರ ಕಚೇರಿಯಿಂದ ಸೊಸೈಟಿಗೆ ವಿವರಣೆ ಕೇಳಿ ಕಾಗದ ಬಂತು. ಬಂದ ಹತ್ತು ದಿನಕ್ಕೆ ಕಮಿಟಿಯವರೇ ವಿಶೇಷ ಸಭೆಯ ನೋಟಿಸ್ ಹಾಕಿದ್ರು. 31 ಜನ ಬಂದಿದ್ರು. ನಾನು ಬ್ಯಾಲೆನ್ಸ್ ಶೀಟಿನ ಒಂದು ಪುಟ, ಹಳೆ ನಡಾವಳಿಯ ಒಂದು ಪುಟ ಓದಿದೆ, ಕೂತೆ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಠರಾವ್ ಮಾಡಿಕೊಟ್ರೆ ನನಗೇನು ಅಭ್ಯಂತರ ಇಲ್ಲ, ಒಬ್ಬನೇ ಸಹಿ ಹಾಕೋಕೆ ಹೆದರಿಕೆ ಇತ್ತು" ಅಂದರು. ನಿರ್ಣಯ ಆಯ್ತು. ಏಪ್ರಿಲಿನಲ್ಲಿ ಕೆಲಸ ಶುರುವಾಗಿ ಮಳೆಗೆ ಮುಂಚೆ ಮುಗೀತು, ನಮ್ಮ ಚಾವಣಿಯ ಪ್ಲಾಸ್ಟರ್ ಸಮೇತ. ಅಮ್ಮ ಈಗ ಅದೇ ಕೋಣೆಯಲ್ಲಿದ್ದಾರೆ.

ಎಲ್ಲ ಕಡೆ ಇಷ್ಟು ಸಲೀಸಾಗಿ ಆಗಲ್ಲ. ಹಣದ ಗೋಲ್‌ಮಾಲ್ ಇದೆ ಅನ್ನೋ ದಾಖಲೆ ಸಿಕ್ಕರೆ 83ನೇ ಕಲಮು ಇದೆ. ಐದನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟು ರಿಜಿಸ್ಟ್ರಾರ್‌ರಿಂದ ವಿಚಾರಣೆ ಕೇಳಬಹುದು, ರಿಜಿಸ್ಟ್ರಾರ್ ತಾವಾಗಿಯೂ ಮಾಡಬಹುದು. ವಾರ್ಷಿಕ ಸಭೆ ಸೆಪ್ಟೆಂಬರ್ 30ರ ಒಳಗೆ ಆಗಬೇಕು, ಆಗಿಲ್ಲ ಅಂದ್ರೆ ಅಕ್ಟೋಬರ್ 1ಕ್ಕೆ ನಿಮ್ಮ ದೂರಿಗೆ ಕಾರಣ ಸಿದ್ಧ.

ಮಾಹಿತಿ ಹಕ್ಕು ನಡೆಯುತ್ತಾ?

ಸೊಸೈಟಿಗೆ ನೇರವಾಗಿ ಆರ್‌ಟಿಐ ಹಾಕೋದು ಸಾಮಾನ್ಯವಾಗಿ ನಡೆಯಲ್ಲ. ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ, ಇಂಥ ಸಹಕಾರ ಸಂಘಗಳು ಸಾರ್ವಜನಿಕ ಪ್ರಾಧಿಕಾರ ಅಲ್ಲ ಅಂತ. ಆದ್ರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ರಿಜಿಸ್ಟ್ರಾರ್ ಸಾರ್ವಜನಿಕ ಪ್ರಾಧಿಕಾರ, ಕಾನೂನು ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನ ಅವರ ಮೂಲಕ ಕೇಳಬಹುದು. ಹಾಗಾಗಿ ಆಡಿಟ್ ವರದಿ ಸಲ್ಲಿಕೆ ಆಗಿದೆಯಾ, ನಿಮ್ಮ ದೂರಿನ ಮೇಲೆ ಏನು ಕ್ರಮ ಆಯ್ತು ಅಂತ ಉಪನಿಬಂಧಕರ ಕಚೇರಿಗೆ ಅರ್ಜಿ ಹಾಕಿ. ಅರ್ಜಿ ಎಲ್ಲಿ ನಿಂತಿದೆ ಅಂತ ತಿಳಿಯೋಕೆ ಇದು ಒಳ್ಳೇ ದಾರಿ.

ಬಾಡಿಗೆಗೆ ಇರೋರು

ನೋಡ್ತಿರೋರಲ್ಲಿ ಅರ್ಧ ಜನ ಬಾಡಿಗೆಯವರು ಇರಬಹುದು. ಬಾಡಿಗೆದಾರ ಸದಸ್ಯ ಅಲ್ಲ, ಹಾಗಾಗಿ ಮೇಲಿನ ಹಕ್ಕುಗಳು ನೇರವಾಗಿ ಸಿಗಲ್ಲ. ಓನರ್ ಕೈಯಲ್ಲಿ ಕಾಗದ ಬರೆಸಿ. ಓನರ್ ಅಮೆರಿಕದಲ್ಲಿದ್ದರೆ ನೀವೇ ಡ್ರಾಫ್ಟ್ ಮಾಡಿ ಸಹಿಗೆ ಕಳಿಸಿ, ಕೆಲಸ ಬೇಗ ಆಗುತ್ತೆ. ನಾನ್-ಆಕ್ಯುಪೆನ್ಸಿ ಚಾರ್ಜು ಸರ್ವಿಸ್ ಚಾರ್ಜಿನ 10% ಮೀರೋ ಹಾಗಿಲ್ಲ, ಅದು ಓನರ್ ಮೇಲೆ ಬರೋದು. ಮನೆ ಓನರ್ ನೀರು, ಕರೆಂಟ್ ಥರದ ಅಗತ್ಯ ಸೌಲಭ್ಯ ಕಡಿದ್ರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 29ನೇ ಕಲಮು ನಿಮ್ಮ ಪರ ಇದೆ.

ಬೇರೆ ಊರಿನವರಿಗೆ

ದೆಹಲಿಯ ದ್ವಾರಕಾದಂಥ ಕಡೆಯ ಗ್ರೂಪ್ ಹೌಸಿಂಗ್ ಸೊಸೈಟಿಗಳಿಗೆ 2003ರ ದೆಹಲಿ ಸಹಕಾರ ಸಂಘಗಳ ಕಾಯ್ದೆ. ವಿವಾದವನ್ನ ರಿಜಿಸ್ಟ್ರಾರ್ ಬಳಿ ತಂದರೆ ಮಧ್ಯಸ್ಥಿಕೆಗೆ ಹೋಗುತ್ತೆ. ಹೈದರಾಬಾದಿನಲ್ಲಿ ನಿಮ್ಮ ಸಂಘ 1995ರ ಪರಸ್ಪರ ಸಹಾಯ ಸಹಕಾರ ಕಾಯ್ದೆಯಲ್ಲಿದೆಯೋ, 2001ರ ಸೊಸೈಟಿ ನೋಂದಣಿ ಕಾಯ್ದೆಯಲ್ಲಿದೆಯೋ ಮೊದಲು ನೋಡಿ. ಎರಡನೇದಾದ್ರೆ ಮಧ್ಯಸ್ಥಿಕೆ ಅಥವಾ ಜಿಲ್ಲಾ ನ್ಯಾಯಾಲಯದ ದಾರಿ. ಚೆನ್ನೈನವರಿಗೆ 1994ರ ಹಳೆ ಕಾಯ್ದೆಯ ಬದಲು 2022ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ 2024ರಿಂದ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಟ್ಟಿರೋರು ನಿಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಲ್ಲಿದೆಯೋ, 1960ರ ಸೊಸೈಟಿ ನೋಂದಣಿ ಕಾಯ್ದೆಯಲ್ಲಿದೆಯೋ ನೋಡಿಕೊಳ್ಳಿ. ಕಾನೂನು ಬೇರೆ ಆದ್ರೂ ಕ್ರಮ ಒಂದೇ: ಕಾಗದ, ಪೋಚ್, ದಾಖಲೆ, ಸಹಿಗಳು, ಸರಿಯಾದ ಬಾಗಿಲು.

ಕೊನೆಯದಾಗಿ

ಮುಂದಿನ ವರ್ಷ ನಮ್ಮಲ್ಲಿ ಚುನಾವಣೆ ಆಯ್ತು. ಆ 19 ಜನರಲ್ಲಿ ಮೂವರು ಕಮಿಟಿಗೆ ಬಂದ್ವಿ. ಹಳೆ ಅಧ್ಯಕ್ಷರನ್ನೂ ಉಳಿಸಿಕೊಂಡ್ವಿ, ಕಟ್ಟಡದ ಪೈಪ್‌ಲೈನು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಸಭೆಯಲ್ಲಿ ಮಾಡಿದ ಠರಾವ್ ಒಂದೇ. ಬಂದ ಪ್ರತಿ ಕಾಗದಕ್ಕೂ 15 ದಿನದಲ್ಲಿ ಲಿಖಿತ ಉತ್ತರ, "ಆಗಲ್ಲ" ಅನ್ನೋದಾದ್ರೂ ಸರಿ. ಅದಾದ ಮೇಲೆ ಗೊತ್ತಾಯ್ತು, ಜನಕ್ಕೆ ಸಿಟ್ಟು ಬರೋದು ಇಲ್ಲ ಅಂದದ್ದಕ್ಕಿಂತ ಹೆಚ್ಚಾಗಿ ಏನೂ ಹೇಳದೇ ಇದ್ದದ್ದಕ್ಕೆ.

ಅದಕ್ಕೇ ಕೇಳ್ಕೊಳ್ತೀನಿ. ಜಗಳ ಗೆದ್ದ ಮೇಲೆ ಮನೆಗೆ ಹೋಗಿ ಬಾಗಿಲು ಹಾಕ್ಕೋಬೇಡಿ. ಒಂದು ಅವಧಿ ಕಮಿಟಿಯಲ್ಲಿ ಕೂತ್ಕೊಳ್ಳಿ. ನಾವು ಈ ಊರಿಗೆ ಕೆಲಸಕ್ಕೆ ಬಂದೋರು, ಆದ್ರೆ ಈ ಕಟ್ಟಡಕ್ಕೆ ಅತಿಥಿಗಳಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಸೊಸೈಟಿಯ ಬೈಲಾದ ಒಂದು ಪ್ರತಿ ಕೇಳಿ ತಗೊಳ್ಳಿ. ಜಗಳ ಇಲ್ಲದಿದ್ರೂ ತಗೊಳ್ಳಿ. ಪೋಚ್ ಮಾತ್ರ ಮರೀಬೇಡಿ.